ಗುಜರಿಗೆ ಹಾಕುವ ಮುನ್ನ ಒಂದಿಷ್ಟು ಪರೀಕ್ಷೆ

ನಮ್ಮ ಮನೆಯ ಲ್ಯಾಪ್‌ಟಾಪು 2016ರಲ್ಲಿ ಮಕ್ಕಳ ಅಜ್ಜ ತಮ್ಮ ಉಳಿತಾಯದ ಹಣದಿಂದ ಕೊಂಡದ್ದು. ಅಜ್ಜ ಈಗಿಲ್ಲ. 2024ರ ಮಳೆಗಾಲದ ಹೊತ್ತಿಗೆ ಅದರ ಸ್ಥಿತಿ ಹೇಗಿತ್ತೆಂದರೆ, ಗುಂಡಿ ಒತ್ತಿ, ಒಲೆಯ ಮೇಲೆ ಗಂಜಿಗೆ ನೀರಿಟ್ಟು ಬಂದರೂ ಪರದೆಯ ಮೇಲೆ ಚುಕ್ಕೆಗಳು ತಿರುಗುತ್ತಲೇ ಇರುತ್ತಿದ್ದವು. ಮಗಳ ಕಾಲೇಜು ಅರ್ಜಿಯನ್ನು ಕೊನೆಯ ದಿನ ನೆರೆಮನೆಗೆ ಓಡಿ ತುಂಬಿಸಬೇಕಾಯಿತು.

ಕಾಸರಗೋಡಿನ ಒಂದು ರಿಪೇರಿ ಅಂಗಡಿಗೆ ಕೊಂಡುಹೋದೆವು. "ಹಳತಾಯಿತು, ಹೊಸದು ತೆಗೆದುಕೊಳ್ಳಿ. ಇಲ್ಲವಾದರೆ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡುವ" ಎಂದರು. ಅಜ್ಜನ ಒಂದೆರಡು ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಮ್ಮ ಕಂಪ್ಯೂಟರಿಗೆ ಹಾಕಿ ತೆರೆದರೆ ಬರೀ ಗೋಜಲು ಅಕ್ಷರ. "ನೋಡಿ, ಫೈಲುಗಳೂ ಕೆಟ್ಟಿವೆ" ಎಂದರು. ನಾವು ತಲೆಯಾಡಿಸಿಯೇ ಬಿಡುತ್ತಿದ್ದೆವು.

ಮಗಳು ತಡೆದಳು. "ಅಪ್ಪಾ, ಅದು ಕೆಟ್ಟದ್ದಲ್ಲ. ಅಜ್ಜ ಬರಹದಲ್ಲಿ ಟೈಪ್ ಮಾಡಿದ್ದು. ಇಲ್ಲಿ ಆ ಕನ್ನಡ ಫಾಂಟ್ ಇಲ್ಲ, ಅಷ್ಟೆ."

ಅವಳ ಮಾತು ನಿಜವಾಗಿತ್ತು. ಮಲಯಾಳದಲ್ಲಿ ವ್ಯವಹರಿಸುವ ಅಂಗಡಿಯವರಿಗೆ ಅದು ತಿಳಿಯದಿದ್ದರೆ ದೂರುವಂತಿಲ್ಲ. ಆ ಫೈಲುಗಳಲ್ಲಿದ್ದುದು ನಮ್ಮ ಕುಟುಂಬದ ನಾಲ್ಕು ತಲೆಮಾರಿನ ಕತೆ, ಅಜ್ಜ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದದ್ದು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಲ್ಯಾಪ್‌ಟಾಪನ್ನು ಹಾಗೆಯೇ ಮನೆಗೆ ತಂದೆವು. ಆಮೇಲೆ ನಾವು ಕಲಿತ ಪಾಠವನ್ನು ಓದುಗರೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ನಕಲು

ಲ್ಯಾಪ್‌ಟಾಪನ್ನು ಮತ್ತೆ ಕೊಳ್ಳಬಹುದು, ಒಳಗಿರುವುದನ್ನು ಕೊಳ್ಳಲಾಗದು. ಆದ್ದರಿಂದ ಯಾವ ರಿಪೇರಿಗೂ ಮುನ್ನ ಫೋಟೊ, ಪತ್ರ, ಪ್ರಮಾಣಪತ್ರಗಳನ್ನು ಎರಡು ಬೇರೆ ಬೇರೆ ಕಡೆ ನಕಲು ಮಾಡಿಡಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟುಗಳನ್ನೂ ಜೊತೆಗೇ ಉಳಿಸಿಕೊಳ್ಳಿ. ಸಾಧ್ಯವಾದರೆ ಯೂನಿಕೋಡಿಗೆ ಪರಿವರ್ತಿಸಿ. ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಹಾರ್ಡ್ ಡಿಸ್ಕ್ ಸಾಯುತ್ತಿದೆ ಎಂದು ಸಂಶಯಿಸಬೇಕು. ಆಗ ಪದೇ ಪದೇ ಆನ್ ಮಾಡಿ ನೋಡುವುದು ಅಪಾಯ. ನಮ್ಮದರಲ್ಲಿ ಆ ಸದ್ದು ಇತ್ತು. ನಕಲಿಗೆ ಇಡೀ ರಾತ್ರಿ ಹಿಡಿಯಿತು, ಕೆಲವು ಫೋಟೊಗಳು ಸಿಗಲೇ ಇಲ್ಲ. ಅಜ್ಜನ ಬರಹ ಮಾತ್ರ ಪೂರ್ತಿ ಸಿಕ್ಕಿತು.

ಕಾಯಿಲೆ ಎಲ್ಲಿದೆ?

ಜ್ವರವೆಂದಾಕ್ಷಣ ಸಿಕ್ಕಿದ ಮಾತ್ರೆ ನುಂಗಿದಂತೆ ಆಗಬಾರದು. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಷ್ಟೆಷ್ಟು ದುಡಿಯುತ್ತಿವೆ ಎಂದು ಅಲ್ಲಿ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಏನೂ ಕೆಲಸ ಮಾಡದಿರುವಾಗಲೂ ಡಿಸ್ಕ್ 100ರಲ್ಲೇ ನಿಂತಿದ್ದರೆ ತೊಂದರೆ ಅಲ್ಲಿಯೇ. ಬ್ರೌಸರ್ ತೆರೆದೊಡನೆ ಮೆಮೊರಿ 90 ದಾಟಿದರೆ ರ‍್ಯಾಮ್ ಸಾಲದು. ಮೈ ಸುಡುವಷ್ಟು ಬಿಸಿಯಾಗಿ ಫ್ಯಾನ್ ಕೂಗುತ್ತಿದ್ದರೆ ಧೂಳು ಕಾರಣವಿರಬಹುದು. ಬಿಸಿ ಹೆಚ್ಚಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ.

ಖರ್ಚಿಲ್ಲದ ಮದ್ದು

ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಹಲವು ಲ್ಯಾಪ್‌ಟಾಪುಗಳಲ್ಲಿ ಶಟ್‌ಡೌನ್ ಮಾಡಿದರೂ ಹಿಂದಿನ ಸ್ಥಿತಿಯ ಒಂದು ಪಾಲು ಉಳಿದಿರುತ್ತದೆ, ರೀಸ್ಟಾರ್ಟ್ ಮಾಡಿದರೇ ಹೊಸ ಆರಂಭ. ಆನ್ ಆದೊಡನೆ ತಾವಾಗಿ ಎದ್ದು ಕೂರುವ ಪ್ರೋಗ್ರಾಮುಗಳಲ್ಲಿ ಬೇಡದವನ್ನು ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪುಟದಲ್ಲಿ ನಿಲ್ಲಿಸಬಹುದು. ಸಿ ಡ್ರೈವನ್ನು ತುಂಬಿಸದೆ ಐದನೇ ಒಂದು ಪಾಲಾದರೂ ಖಾಲಿ ಇಡಿ. ಎರಡೆರಡು ಆಂಟಿವೈರಸ್ ಬೇಡ. ಹಾಸಿಗೆಯ ಮೇಲಿಟ್ಟು ಬಳಸಿದರೆ ಗಾಳಿ ಹೋಗುವ ಕಿಂಡಿ ಮುಚ್ಚಿಹೋಗುತ್ತದೆ, ಮೇಜೇ ಒಳ್ಳೆಯದು.

ಸ್ವಲ್ಪ ಖರ್ಚಿನ ಮದ್ದು

ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತಿರುತ್ತದೆ. ಸಾಮಾನ್ಯವಾಗಿ ಲ್ಯಾಪ್‌ಟಾಪುಗಳಲ್ಲಿ ನಿಮಿಷಕ್ಕೆ 5,400 ಸುತ್ತು. ಅದರ ಮೇಲೆ ಪುಟ್ಟ ಕೈಯೊಂದು ಅತ್ತಿತ್ತ ಓಡಿ ಮಾಹಿತಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಆದ್ದರಿಂದ ಹುಡುಕಾಟ ಕ್ಷಣದಲ್ಲಿ ಮುಗಿಯುತ್ತದೆ. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಮುದಿ ಲ್ಯಾಪ್‌ಟಾಪಿಗೆ ಎದ್ದು ಕಾಣುವ ಚುರುಕು ಬರುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸುವುದೂ ಒಳ್ಳೆಯದು. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮೊದಲೇ ವಿಚಾರಿಸಿಕೊಳ್ಳಿ.

ನಾವು ಅದೇ ಅಂಗಡಿಗೆ ಮರಳಿ ಹೋಗಿ ಎರಡನ್ನೂ ಹಾಕಿಸಿದೆವು. ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ಈಗ ಒಲೆಯ ಕಡೆ ಹೋಗುವಷ್ಟೂ ಹೊತ್ತಿಲ್ಲ!

ಎಚ್ಚರಿಕೆಯ ಮಾತು

ಎಲ್ಲವನ್ನೂ ಉಳಿಸಬೇಕೆಂಬ ಹಟವೂ ಸಲ್ಲ. ವಿಂಡೋಸ್ 10ಕ್ಕೆ ಕಂಪೆನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನಮ್ಮದರಂತಹ 2016ರ ಕಾಲದ ಹೆಚ್ಚಿನ ಲ್ಯಾಪ್‌ಟಾಪುಗಳು ವಿಂಡೋಸ್ 11ರ ಷರತ್ತುಗಳಿಗೆ ಹೊಂದುವುದಿಲ್ಲ. ಭದ್ರತೆಯ ನವೀಕರಣ ಬಾರದ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ. ತಿಳಿದವರ ನೆರವಿನಿಂದ ಉಚಿತವಾದ ಲಿನಕ್ಸ್ ಹಾಕಿಕೊಂಡರೆ ಬರವಣಿಗೆಗೆ, ಮಕ್ಕಳ ಓದಿಗೆ ಧಾರಾಳ ಸಾಕು. ನಾವೂ ಹಾಗೆಯೇ ಮಾಡಿದ್ದೇವೆ.

ಬ್ಯಾಟರಿ ಉಬ್ಬಿ ಕೀಲಿಮಣೆ ಮೇಲೆದ್ದಿದ್ದರೆ ಚಾರ್ಜಿಗೆ ಹಾಕಬೇಡಿ, ಒತ್ತಲೂ ಚುಚ್ಚಲೂ ಹೋಗಬೇಡಿ, ಬೆಂಕಿ ಹತ್ತಬಹುದು. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆಮಾಡಿ" ಎಂದು ಪರದೆಯ ಮೇಲೆ ಬಂದರೆ ಅದು ಮೋಸ. ಅಂಥವರ ಕೈಗೆ ಲ್ಯಾಪ್‌ಟಾಪಿನ ಹಿಡಿತ ಕೊಡಬೇಡಿ.

ಅಜ್ಜನ ಬರಹವನ್ನು ಮಗಳು ಯೂನಿಕೋಡಿಗೆ ಬದಲಾಯಿಸಿ, ಅಚ್ಚು ಹಾಕಿಸಿ, ಅತ್ತೆ, ಚಿಕ್ಕಪ್ಪಂದಿರ ಮನೆಗಳಿಗೆ ಒಂದೊಂದು ಪ್ರತಿ ಕೊಟ್ಟಿದ್ದಾಳೆ. ಲ್ಯಾಪ್‌ಟಾಪು ಇನ್ನೆಷ್ಟು ವರ್ಷ ಬಾಳುತ್ತದೋ ಬಾಳಲಿ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಮೂಲೆ ಸೇರಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಒಂದು ಸಂಜೆ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಒಳಗೇನಿದೆ ಎಂದು ತೆರೆದು ನೋಡಿ.