ಅಕ್ಕನ ಸೈಕಲ್ಲನ್ನು ತಂಗಿಗೆ ಒಪ್ಪಿಸುವ ಬಗೆ

ಪ್ರತಿವರ್ಷ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಸೇರುವ ಹುಡುಗಿಯರ ತಂದೆತಾಯಿಗಳನ್ನು ನಾನು ತಪ್ಪದೆ ಒಂದು ಪ್ರಶ್ನೆ ಕೇಳುವುದುಂಟು: “ಮಗಳು ಹೇಗೆ ಬಂದುಹೋಗುವಳು?” ಕುಡಚಿಯ ಸುತ್ತಲಿನ ತೋಟದ ವಸತಿಗಳ ಬಾಗಿಲಿಗೆ ಬಸ್ಸು ಬರುವುದಿಲ್ಲ. ನಡೆದರೆ ಸಂಜೆ ದಾರಿಯಲ್ಲಿಯೇ ಕತ್ತಲಾಗುವುದು. ಈ ಒಂದು ಕಾರಣದಿಂದಲೇ ಓದು ಬಿಟ್ಟ ಜಾಣೆಯರನ್ನು ನಾನು ಬಲ್ಲೆನು. ಆಗ ಹಲವರು, “ಹೊಸ ಸೈಕಲ್ಲಿಗೆ ಶಕ್ತಿಯಿಲ್ಲ ಅಕ್ಕೋರೇ, ಹಳೆಯದೊಂದು ಮನೆಯಲ್ಲಿ ಬಿದ್ದಿದೆ” ಎನ್ನುವರು. ಹಾಗೆ ಬಿದ್ದಿರುವ ಸೈಕಲ್ಲಿನ ವಿಷಯವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

2006-07ರಲ್ಲಿ ರಾಜ್ಯಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲಾರಂಭಿಸಿತು. ಅಂಥವು ಎಷ್ಟೋ ಮನೆಗಳಲ್ಲಿ ಅಕ್ಕನ ಓದು ಮುಗಿದ ಮೇಲೆ ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ. ನನ್ನ ಕಾಲದಲ್ಲಿ ಅದೂ ಇರಲಿಲ್ಲ. ತಂದೆಯವರು ಯಾರೋ ಬಳಸಿ ಬಿಟ್ಟ ಗಂಡಸರ ಸೈಕಲ್ಲೊಂದನ್ನು ಕೊಂಡು ತಂದರು. ಒಂಬತ್ತನೆಯ ತರಗತಿಯಲ್ಲಿರುವಾಗ ಲಂಗದ ಅಂಚು ಚೈನಿಗೆ ಸಿಕ್ಕಿ ಬಿದ್ದೆನು, ಕೈ ಮುರಿಯಿತು. “ಇನ್ನು ಶಾಲೆ ಸಾಕು” ಎಂಬ ಮಾತು ಮನೆಯಲ್ಲಿ ಹುಟ್ಟಿತು. ತಂದೆಯವರು ಏನೂ ಹೇಳದೆ ಸೈಕಲ್ಲನ್ನು ಒಯ್ದು, ಚೈನಿಗೆ ತಗಡಿನ ಮುಚ್ಚಳ ಹಾಕಿಸಿ ತಂದರು. ಆ ತಗಡಿನ ತುಂಡು ನನ್ನ ಓದನ್ನು ಉಳಿಸಿತು. ಆದುದರಿಂದ ಹಳೆಯದೆಂಬುದು ದೋಷವಲ್ಲ; ಏರುವವಳಿಗೆ ತಕ್ಕಂತೆ ಮಾಡದಿರುವುದೇ ದೋಷ.

ಮೊದಲು ಚೌಕಟ್ಟನ್ನು ನೋಡಬೇಕು. ಕೊಳವೆಗಳು ಕೂಡುವ ಸಂದಿನಲ್ಲಿ ಬಿರುಕಿದ್ದರೆ, ಎಷ್ಟು ಪ್ರೀತಿಯದಾದರೂ ಅದನ್ನು ಬಿಟ್ಟುಬಿಡತಕ್ಕದ್ದು. ಅದು ಗಟ್ಟಿಯಾಗಿದ್ದರೆ ಉಳಿದುದೆಲ್ಲವೂ ದುರಸ್ತಿಯಾಗುವಂಥದು.

ಎರಡನೆಯದು ಅಳತೆ. ಮಗಳು ಸೀಟಿನ ಮೇಲೆ ಕುಳಿತು ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿಯನ್ನಿಟ್ಟಾಗ ಕಾಲು ನೇರವಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಮಡಿದಿರುವುದು. ಹೊಸದಾಗಿ ಕಲಿಯುವವಳಿಗೆ ಕಾಲ್ಬೆರಳುಗಳು ನೆಲ ಮುಟ್ಟುವಷ್ಟು ಸೀಟನ್ನು ಇಳಿಸಿ, ಧೈರ್ಯ ಬಂದಂತೆ ಏರಿಸಬೇಕು. ಏರಿಸುವಾಗ ಸೀಟಿನ ಕೊಳವೆಯು ಎರಡೂವರೆ ಇಂಚಾದರೂ ಒಳಗೆ ಉಳಿದಿರಲಿ.

ಮೂರನೆಯದು ಬಟ್ಟೆಯ ರಕ್ಷಣೆ. ಚೈನಿಗೆ ಮುಚ್ಚಳವೂ ಹಿಂದಿನ ಗಾಲಿಯ ಎರಡು ಬದಿಗೆ ಜಾಳಿಗೆಯೂ ಇರಲೇಬೇಕು. ಓಢಣಿಯನ್ನು ಹಿಂದೆ ಇಳಿಬಿಡದೆ ನಡುವಿಗೆ ಬಿಗಿಯಾಗಿ ಕಟ್ಟುವುದನ್ನು ತಾಯಂದಿರು ಕಲಿಸಬೇಕು.

ಬ್ರೇಕಿನ ರಬ್ಬರು ಸವೆದಿದ್ದರೆ ಅಂದೇ ಬದಲಾಯಿಸಿರಿ. ಮಳೆಯಲ್ಲಿ ರಿಮ್ಮು ತೊಯ್ದಾಗ ಸೈಕಲ್ಲು ನಿಲ್ಲುವುದಕ್ಕೆ ಹೆಚ್ಚು ದೂರ ಬೇಕಾಗುವುದೆಂದು ಮಗಳಿಗೆ ಬಾಯಲ್ಲಿ ಹೇಳಿದರೆ ಸಾಲದು. ಅಂಗಳದಲ್ಲಿ ನೀರು ಹಾಕಿ ತೋರಿಸಿರಿ.

ಎದುರುಗಾಳಿಯಲ್ಲಿ ಪುಸ್ತಕದ ಹೊರೆಯೊಡನೆ ತುಳಿಯುವುದು ಕಷ್ಟವೆಂದು ಹುಡುಗಿಯರು ಹೇಳುವುದುಂಟು. ಇದಕ್ಕೆ ಅಗ್ಗದ ಉಪಾಯವಿದೆ. ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವ 26 ಇಂಚಿನ ಗಾಲಿಯ ಸೈಕಲ್ಲು, ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಸುಮಾರು 5 ಮೀಟರು ಸಾಗುತ್ತದೆ. ಹಿಂದೆ 20 ಹಲ್ಲಿನದನ್ನು ಹಾಕಿಸಿದರೆ ಸುಮಾರು ನಾಲ್ಕೂವರೆ ಮೀಟರು ಸಾಗುವುದು. ವೇಗವು ಹತ್ತರಲ್ಲೊಂದು ಪಾಲು ತಗ್ಗುವುದು. ಕಾಲಿನ ಶ್ರಮವೂ ಅಷ್ಟೇ ತಗ್ಗುವುದು.

ಜಾಲಿಯ ಮುಳ್ಳಿಗಾಗಿ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಹಾಸಬಹುದು. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಹಿಡಿಯುವುದು. ಕೆರೆದು ತೆಗೆಯಲು ಕ್ಯಾರಿಯರಿಗೆ ಒಂದು ಕಡ್ಡಿ ಸಿಕ್ಕಿಸಿರಲಿ. ಪುಸ್ತಕದ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಬಾರದು, ಯಾಕಂದರೆ ತಿರುವಿನಲ್ಲಿ ಅದು ಮುಂದಿನ ಗಾಲಿಯನ್ನು ಎಳೆಯುವುದು, ಕ್ಯಾರಿಯರಿಗೇ ಬಿಗಿಯತಕ್ಕದ್ದು.

ಕಬ್ಬು ನುರಿಸುವ ಕಾಲವು ಅತ್ಯಂತ ಎಚ್ಚರಿಕೆಯ ಕಾಲ. ಉಗಾರದ ಕಾರ್ಖಾನೆಯ ಕಡೆಗೆ ಹೊರಟ ಟ್ರ್ಯಾಕ್ಟರಿನ ಹೇರು ಎರಡು ಬದಿಗೂ ಚಾಚಿರುವುದರಿಂದ ಚಾಲಕನಿಗೆ ಹಿಂದಿನದು ಕಾಣದು. ಚಳಿಗಾಲದಲ್ಲಿ ಬೇಗನೆ ಕತ್ತಲೂ ಆಗುವುದು. ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಪೆಡಲುಗಳಿಗೂ ಗಾಲಿಯ ಕಡ್ಡಿಗಳಿಗೂ ಬೆಳಕಿಗೆ ಹೊಳೆಯುವ ಬಿಲ್ಲೆಗಳು ಇರಲಿ. ಟ್ರ್ಯಾಕ್ಟರು ಬಂದರೆ ಇಳಿದು ಪಕ್ಕಕ್ಕೆ ನಿಲ್ಲುವುದು ಅಂಜಿಕೆಯಲ್ಲ, ವಿವೇಕ. ಇನ್ನು ಕೃಷ್ಣೆಯ ನೀರು ಸೇತುವೆಯ ಮೇಲೆ ಬಂದಾಗ ಯಾವ ಸಿದ್ಧತೆಯೂ ಉಪಯೋಗಕ್ಕೆ ಬಾರದು. 2019ರ ಮಹಾಪೂರವನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಥ ದಿನ ಮಗಳು ಮನೆಯಲ್ಲಿರಲಿ.

ಹೆಣ್ಣುಮಕ್ಕಳಿಗೆ ಸೈಕಲ್ಲು ಒಪ್ಪದೆಂದು ಹೇಳುವ ಹಿರಿಯರು ಇಂದಿಗೂ ಕೆಲವರಿದ್ದಾರೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ, ಸಾಕ್ಷರತೆಯ ಆಂದೋಲನದೊಡನೆ ಹಳ್ಳಿಯ ಸಾವಿರಾರು ಸ್ತ್ರೀಯರು ಸೈಕಲ್ಲು ಕಲಿತರು. ಹೆಂಗಸರ ಸೈಕಲ್ಲು ಸಾಲದಾದಾಗ ಗಂಡಸರದನ್ನೇ ಏರಿ, ಅದರ ಅಡ್ಡಕೊಳವೆಯ ಮೇಲೆ ಮಗುವನ್ನು ಕುಳ್ಳಿರಿಸಿಕೊಂಡು ಹೋದರು. ದೊರೆತುದನ್ನು ತಮಗೆ ಒಗ್ಗಿಸಿಕೊಂಡ ಅವರ ಬುದ್ಧಿ ನಮಗೂ ಬರಲಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಸೈಕಲ್ಲು ತವರುಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದರೆ, ಹಳೆಯ ಕಬ್ಬಿಣದವನಿಗೆ ತೂಕಕ್ಕೆ ಹಾಕಬೇಡಿರಿ. ಮೇಲೆ ಹೇಳಿದಂತೆ ದುರಸ್ತಿಮಾಡಿಸಿ, ತಂಗಿಗೋ ನೆರೆಮನೆಯ ಹುಡುಗಿಗೋ ಕೊಡಿರಿ. ಅದರ ಮೇಲೆ ನಿಮ್ಮ ಹೆಸರು ಬರೆದಿದ್ದರೆ ಅಳಿಸುವುದು ಬೇಡ. ಅದರ ಕೆಳಗೆ ಅವಳ ಹೆಸರನ್ನೂ ಬರೆಯಿಸಿರಿ.