ಹೆಚ್ಚಿಗೆ ಬಂದ ಕೋಲು

ಹಳೆಯ ಮಿರರ್ ದೋಣಿ ಕೊಂಡವರ ತಲೆ ಮೊದಲು ಕೆಡುವುದು ಒಂದು ಕೋಲಿನಿಂದ. ಬ್ರಿಟನ್ನಿನ ಯಾವುದೋ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಮಗುಚಿ ಬಿದ್ದಿದ್ದ ಪುಟ್ಟ ಹಾಯಿದೋಣಿ, ಅದರೊಳಗೆ ಗೋಣಿ ತುಂಬ ಹಗ್ಗ, ಮಡಿಚಿಟ್ಟ ಕೆಂಪು ಹಾಯಿ, ಜೊತೆಗೆ ಮೂರು ಕೋಲು. ಒಂದು ನೆಟ್ಟಗೆ ನಿಲ್ಲಬೇಕಾದ ಕೂವೆಮರ. ಇನ್ನೊಂದು ಹಾಯಿಯ ಕೆಳಅಂಚನ್ನು ಹಿಡಿದಿಡುವ ಬೂಮ್. ಮೂರನೆಯದು ಯಾತಕ್ಕೆ? ಕೂವೆಮರವೋ ಗಿಡ್ಡ, ಪಕ್ಕದಲ್ಲಿ ಹಾಸಿ ನೋಡಿದರೆ ಹಾಯಿಯೇ ಉದ್ದ. ಮಾರಿದವನು ಯಾವುದೋ ಬೇರೆ ದೋಣಿಯ ಹಾಯಿ ದಾಟಿಸಿಬಿಟ್ಟ ಎಂದು ಹೊಸ ಯಜಮಾನ ಗೊಣಗತೊಡಗುವುದು ಇಲ್ಲಿಯೇ.

ಯಾರೂ ಮೋಸ ಮಾಡಿಲ್ಲ. ಆ ಮೂರನೆಯ ಕೋಲಿನ ಗುಟ್ಟು ತಿಳಿಯಬೇಕಾದರೆ 1962ಕ್ಕೆ ಹೋಗಬೇಕು. ಆ ವರ್ಷ ಲಂಡನ್ನಿನ ‘ಡೈಲಿ ಮಿರರ್’ ಪತ್ರಿಕೆ, ಸಾಮಾನ್ಯ ಸಂಬಳದವರೂ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ದೋಣಿಯೊಂದನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ ಮಾರಲು ಹೊರಟಿತು. ವಿನ್ಯಾಸ ಮಾಡಿದವರು ಇಬ್ಬರು. ದೋಣಿಗಳ ಮಟ್ಟಿಗೆ ಹೆಸರಾಗಿದ್ದ ಜ್ಯಾಕ್ ಹೋಲ್ಟ್ ಒಬ್ಬರಾದರೆ, ಮನೆ ರಿಪೇರಿಯನ್ನು ನೀವೇ ಮಾಡಿಕೊಳ್ಳಿ ಎಂದು ಬಿಬಿಸಿ ಟಿವಿಯಲ್ಲಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಇನ್ನೊಬ್ಬರು. ಬೆಲೆ 63 ಪೌಂಡ್ 11 ಶಿಲಿಂಗ್. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಕೀಲಿನ ಮೇಲೆ ಗಾಜಿನ ನೂಲಿನ ಪಟ್ಟಿ ಹಾಸಿ ರಾಳ ಬಳಿದರೆ ಒಡಲು ಸಿದ್ಧ. ಇಂಥ 70,000ಕ್ಕೂ ಹೆಚ್ಚು ದೋಣಿಗಳು ಮುಂದೆ ನೀರಿಗಿಳಿದವು.

ಹಲಗೆ ಹೊಲಿಯುವ ಉಪಾಯ ಇಂಗ್ಲೆಂಡಿಗೆ ಹೊಸತಾಗಿ ಕಂಡಿರಬಹುದು, ಅರಬ್ಬೀ ಸಮುದ್ರಕ್ಕೆ ಅದು ಬಹಳ ಹಳೆಯದು. ನಮ್ಮ ಕಡೆ ತಂತಿಯ ಬದಲು ತೆಂಗಿನ ನಾರಿನ ಹುರಿ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗನ್ನು ಕೇರಳದ ಕುಶಲಕರ್ಮಿ ಬಾಬು ಶಂಕರನ್ ಅವರ ತಂಡ ಕಟ್ಟಿದ್ದು ಹೀಗೆ ಹೊಲಿದೇ. ಅವರ ಪಾಡು ಮಿರರ್ ಕೊಂಡವರದಕ್ಕಿಂತ ಕಷ್ಟದ್ದು. ನಕ್ಷೆಯಿಲ್ಲ, ಹಳೆಯ ಹಗ್ಗವಿಲ್ಲ. ಕೈಯಲ್ಲಿದ್ದದ್ದು ಅಜಂತಾ ಗುಹೆಯ 5ನೇ ಶತಮಾನದ ಒಂದು ಚಿತ್ರ ಮಾತ್ರ. ಹಾಯಿ ಎಲ್ಲಿ, ಹಗ್ಗ ಎಲ್ಲಿ ಎಂಬುದನ್ನೆಲ್ಲ ಅದರಿಂದಲೇ ಊಹಿಸಿ, ಲೆಕ್ಕ ಹಾಕಿ ಕಟ್ಟಬೇಕಾಯಿತು. ಅದರ ಹಾಯಿಯ ಮೇಲೆ ಗಂಡಭೇರುಂಡ ಬಿಡಿಸಿರುವುದು ಕನ್ನಡಿಗರಿಗೆ ಪುಕ್ಕಟೆ ಸಿಕ್ಕ ಸಂತೋಷ.

ಇನ್ನು ಕೋಲಿನ ವಿಚಾರ. ಪತ್ರಿಕೆಯ ಗಿರಾಕಿಗಳ ಬಳಿ ದೋಣಿ ನಿಲ್ಲಿಸಲು ಬಂದರಿಲ್ಲ. ಇದ್ದದ್ದು ಒಂದು ಕಾರು, ಒಂದು ಗ್ಯಾರೇಜು. ಮಿರರ್‌ನ ಉದ್ದ 3.3 ಮೀಟರ್. ಅದಕ್ಕಿಂತ ಉದ್ದದ ಯಾವ ಮರವೂ ದೋಣಿಯೊಳಗೆ ಹಿಡಿಸದು, ಆದರೆ ಒಳ್ಳೆಯ ಹಾಯಿಗೆ ಎತ್ತರದ ಕೂವೆ ಬೇಕೇ ಬೇಕು. ಹೋಲ್ಟ್ ಹಳೆಯ ಗಂಟರ್ ಪದ್ಧತಿಯನ್ನು ಎತ್ತಿಕೊಂಡರು. ಮೂರನೆಯ ಕೋಲಿನ ಬುಡದಲ್ಲಿ ಕೂವೆಮರವನ್ನು ತಬ್ಬುವ ಒಂದು ಕವಲಿದೆ. ಹಾಯಿಯ ಮೇಲ್ಭಾಗವನ್ನು ಆ ಕೋಲಿಗೆ ಕಟ್ಟಿ ಹಗ್ಗ ಜಗ್ಗಿದರೆ, ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಆಂಟೆನಾ ಎಳೆದಂತೆ, ಅದು ಕೂವೆಮರದ ಪಕ್ಕದಲ್ಲೇ ಸರಿಯುತ್ತ ಮೇಲೇರಿ ತುದಿಯನ್ನು ದಾಟಿ ನೆಟ್ಟಗೆ ನಿಲ್ಲುತ್ತದೆ. ಎರಡು ಗಿಡ್ಡ ಕೋಲು ಸೇರಿ ಒಂದು ಎತ್ತರದ ಕೂವೆ! ಇಳಿಸಿದರೆ ಮೂರೂ ದೋಣಿಯ ಹೊಟ್ಟೆಯೊಳಗೆ.

ಈ ಗಿಡ್ಡತನದ ಬೆಲೆ ಸೇತುವೆಗಳ ಕೆಳಗೆ ತಿಳಿಯುತ್ತದೆ. ಎ. ಜೆ. ಮೆಕಿನನ್ ಎಂಬ ಶಾಲಾ ಶಿಕ್ಷಕರು 1997ರಲ್ಲಿ ‘ಜ್ಯಾಕ್ ಡಿ ಕ್ರೋ’ ಎಂಬ ಹಳೆಯ ಮಿರರ್ ಹತ್ತಿ ಇಂಗ್ಲೆಂಡಿನ ಶ್ರಾಪ್‌ಶೈರಿನಿಂದ ಹೊರಟವರು, ಇಂಗ್ಲಿಷ್ ಕಡಲ್ಗಾಲುವೆ ದಾಟಿ, ಫ್ರಾನ್ಸಿನ ಕಾಲುವೆಗಳನ್ನು ಹಾದು, ಡ್ಯಾನ್ಯೂಬ್ ಗುಂಟ ಕಪ್ಪು ಸಮುದ್ರದವರೆಗೆ ಹೋದರು. ಕೂವೆ ಉದ್ದವಿದ್ದಿದ್ದರೆ ಕಾಲುವೆಗಳ ಸೇತುವೆಗಳೇ ಅವರನ್ನು ದಾರಿಯಲ್ಲಿ ಕೆಡವಿಹಾಕುತ್ತಿದ್ದವು.

ಕೋಲು ಕೂತಲ್ಲಿ ಕೂತಮೇಲೆ ಹಗ್ಗಗಳ ಸರದಿ. ಇಲ್ಲಿ ಕೈಪಿಡಿಗಿಂತ ಟೇಪು ಮತ್ತು ಕಣ್ಣು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಕೂವೆಮರದ ಎತ್ತರದ ಎರಡರಷ್ಟಿರುವ ಹಗ್ಗ ಹಾಯಿ ಏರಿಸುವ ಹ್ಯಾಲ್ಯಾರ್ಡ್. ಅದು ಬುಡದಿಂದ ತುದಿಗೆ ಹೋಗಿ ಮತ್ತೆ ಇಳಿಯಬೇಕಲ್ಲ. ಎರಡೂ ತುದಿ ಒಂದೇ ರೀತಿ ಸವೆದಿರುವುದು ಮುಂದಿನ ಪುಟ್ಟ ಹಾಯಿಯದು, ಏಕೆಂದರೆ ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತಾರೆ. ಎಲ್ಲಕ್ಕಿಂತ ದಪ್ಪನೆಯದು ಬೂಮನ್ನು ಹತೋಟಿಯಲ್ಲಿಡುವ ಮುಖ್ಯ ಶೀಟ್. ಅದು ದಪ್ಪ ಇರುವುದು ಶಕ್ತಿಗಾಗಿ ಎಂದೇ ಎಲ್ಲರ ಎಣಿಕೆ. ಶಕ್ತಿಗೆ ಅದರ ಅರ್ಧ ದಪ್ಪ ಸಾಕಿತ್ತು. ಉಳಿದದ್ದು ದಿನವಿಡೀ ಅದನ್ನು ಹಿಡಿದು ಕೂರುವ ಅಂಗೈಗಾಗಿ. ಮರವೂ ಸಾಕ್ಷಿ ಹೇಳುತ್ತದೆ: ವಾರ್ನಿಷ್ ಉಜ್ಜಿಹೋದ ಗೆರೆಯಲ್ಲಿ ಹಗ್ಗ ಓಡಾಡುತ್ತಿತ್ತು, ಎರಡು ಖಾಲಿ ತೂತಿರುವ ಕಡೆ ಹಿಂದಿನ ಯಜಮಾನ ಹಗ್ಗದ ಗೂಟ ಬಡಿದಿದ್ದ. ಅವನೂ ತಪ್ಪಿರಬಹುದು, ಅದು ಬೇರೆ ಮಾತು.

ಕೂವೆಮರವನ್ನು ಆಚೀಚೆ ಬೀಳದಂತೆ ಹಿಡಿಯುವ ಎರಡು ಉಕ್ಕಿನ ತಂತಿಗಳಿಗೆ ಶ್ರೌಡ್ ಎನ್ನುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ತಪ್ಪು ತಿಳಿದಿರುವುದು ಇವುಗಳ ಬಗ್ಗೆ. ಗಾಳಿ ಜೋರಾದಷ್ಟೂ ತಂತಿಯ ಮೇಲಿನ ಎಳೆತ ಏರುತ್ತಲೇ ಹೋಗುತ್ತದೆ, ಆದ್ದರಿಂದ ಬಿರುಗಾಳಿಗೆ ತಕ್ಕ ದಪ್ಪ ತಂತಿ ಹಾಕಬೇಕು ಎಂಬ ನಂಬಿಕೆ. ಮೇಲ್ನೋಟಕ್ಕೆ ಸರಿಯೆನಿಸಿದರೂ ಪುಟ್ಟ ದೋಣಿಯಲ್ಲಿ ಇದು ಸುಳ್ಳು.

ಏಕೆ ಎಂದು ನೋಡಿ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿ ದೋಣಿಯನ್ನು ವಾಲಿಸಲು ನೋಡುತ್ತದೆ. ವಾಲದಂತೆ ತಡೆಯುವವರು ಗಾಳಿ ಬರುವ ಕಡೆಯ ಅಂಚಿನ ಮೇಲೆ ಕೂತ ಇಬ್ಬರು ಸವಾರರು. ಗಾಳಿಯ ತಳ್ಳಾಟವೂ ಇವರ ಭಾರವೂ ಸಮವಾದಾಗ ದೋಣಿ ನೆಟ್ಟಗೆ ಓಡುತ್ತದೆ. ಆ ಕಡೆಯ ಶ್ರೌಡ್ ಬಿಗಿದಿರುವುದೂ ಹೆಚ್ಚುಕಡಿಮೆ ಅವರು ಕೂತ ಅಂಚಿಗೇ. ಹಾಗಾಗಿ ಅದರ ಮೇಲಿನ ಎಳೆತ ಸುಮಾರಾಗಿ ಆ ಇಬ್ಬರ ತೂಕದಷ್ಟು. ತಲಾ 70 ಕಿಲೋ ಇದ್ದರೆ 140, ಅಂಚಿನಾಚೆ ಮೈ ಚಾಚಿದರೆ ಇನ್ನಷ್ಟು. ಗಾಳಿ ಇದಕ್ಕಿಂತ ಜೋರಾದರೆ? ತಂತಿಗೆ ಹೆಚ್ಚಿನ ಭಾರ ಬೀಳುವ ಮೊದಲೇ ದೋಣಿ ವಾಲುತ್ತದೆ. ಸವಾರರು ಶೀಟ್ ಸಡಿಲಿಸಿ ಹಾಯಿಯಿಂದ ಗಾಳಿ ಚೆಲ್ಲುತ್ತಾರೆ, ಇಲ್ಲವೇ ಎಲ್ಲರೂ ನೀರು ಸೇರುತ್ತಾರೆ. ತಂತಿಯ ಮೇಲೆ ಎಷ್ಟು ಭಾರ ಎಂದು ತೀರ್ಮಾನಿಸುವವರು ದೋಣಿಯಲ್ಲಿ ಕೂತವರು, ಮೋಡದಲ್ಲಿರುವವರಲ್ಲ. ಅಲೆಯ ಹೊಡೆತದ ಎಳೆತಗಳನ್ನು ಸೇರಿಸಿದರೂ, ಅರ್ಧ ಟನ್ನಿಗಿಂತ ಹೆಚ್ಚು ತಡೆಯುವ 3 ಮಿಲಿಮೀಟರ್ ತಂತಿ ಧಾರಾಳವಾಯಿತು.

ಇದರ ಇನ್ನೊಂದು ಮುಖವನ್ನು ಯಾರೂ ಗಮನಿಸುವುದಿಲ್ಲ. ತಂತಿಗಳೆಲ್ಲ ಕೆಳಕ್ಕೆ ಎಳೆಯುತ್ತಿದ್ದರೆ ಆ ಎಳೆತವನ್ನು ಹೊರುವುದು ಕೂವೆಮರ. ಹಾಯಿಯನ್ನು ಏರಿಸಿ ಕಟ್ಟಿದ ಹ್ಯಾಲ್ಯಾರ್ಡಿನ ಬಿಗಿತವೂ, ರಾಟೆಯ ಎರಡೂ ಕಡೆ ಹಗ್ಗ ಇಳಿಬಿದ್ದಿರುವುದರಿಂದ, ಎರಡು ಪಟ್ಟಾಗಿ ಅದರ ಮೇಲೆಯೇ. ಅಂದರೆ ಓಡುವ ದೋಣಿಯ ಕೂವೆಮರ ತನ್ನ ಬುಡದ ಹಲಗೆಯನ್ನು ಸದಾ ಕೆಳಕ್ಕೆ ಒತ್ತುತ್ತಿರುತ್ತದೆ. ಹಳೆಯ ದೋಣಿ ಕೊಳ್ಳುವವರು ಹಾಯಿಯ ಬಣ್ಣ ನೋಡಿ ಮರುಳಾಗುವ ಬದಲು ಆ ಹಲಗೆಯನ್ನು ಉಗುರಿನಿಂದ ಕೆರೆದು, ಅದು ಕೊಳೆತು ಮೆತ್ತಗಾಗಿದೆಯೇ ಎಂದು ನೋಡಬೇಕು.

ಹಾಗಾದರೆ ಸಾಗರದಲ್ಲಿ ಕೂವೆಗಳು ಮುರಿಯುವುದಿಲ್ಲವೇ? ಮುರಿಯುತ್ತವೆ, ಆದರೆ ಅಲ್ಲಿನ ಕಥೆ ಬೇರೆ. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ ಒಬ್ಬರೇ ಸಾಗುತ್ತಿದ್ದ ‘ತುರೀಯ’ ಹಾಯಿದೋಣಿಯ ಕೂವೆ ಮುರಿದದ್ದು, ಬಿರುಗಾಳಿಯ ದೈತ್ಯ ಅಲೆಗಳು ದೋಣಿಯನ್ನೇ ಉರುಳಿಸಿದಾಗ. ಕೂವೆ ತಲೆಕೆಳಗಾಗಿ ನೀರಿನೊಳಗೆ ಹೋದರೆ ಅದನ್ನು ಬಗ್ಗಿಸುವುದು ಗಾಳಿಯಲ್ಲ, ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ ನೀರು. ಬೆನ್ನಿಗೆ ತೀವ್ರ ಪೆಟ್ಟಾಗಿದ್ದ ಟಾಮಿಯವರನ್ನು ಫ್ರಾನ್ಸಿನ ‘ಓಸಿರಿಸ್’ ಹಡಗು ಪಾರುಮಾಡಿತು. ಅದೇ ಬಿರುಗಾಳಿಯಲ್ಲಿ ಕೂವೆ ಕಳೆದುಕೊಂಡ ಐರ್ಲೆಂಡಿನ ಗ್ರೆಗರ್ ಮೆಗಕಿನ್, ಉಳಿದ ತುಂಡು ಮರ, ಹಗ್ಗಗಳನ್ನೇ ಹೊಂದಿಸಿ ಹಾಯಿ ಕಟ್ಟಿಕೊಂಡು ಟಾಮಿಯವರತ್ತ ಹೊರಟರು. ಹಗ್ಗಗಳ ತಲೆಬುಡ ಬಲ್ಲವರಿಗೆ ಮಾತ್ರ ಆಗುವ ಕೆಲಸ.

ಪುಟ್ಟ ದೋಣಿಯ ಶ್ರೌಡ್‌ಗೆ ನಿಜವಾದ ಶತ್ರು ಅದರ ತುದಿಯಲ್ಲೇ ಅಡಗಿದೆ. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯುವುದಿಲ್ಲ ಎಂದು ಹೆಸರೇ ಭರವಸೆ ಕೊಡುತ್ತದೆ. ಅದನ್ನು ಕಾಯುವುದು ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ; ಆ ಪೊರೆ ಹರಿದಲ್ಲಿ ಮತ್ತೆ ಕೂಡಲು ಆಮ್ಲಜನಕ ಬೇಕು. ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಕೊಳವೆಯೊಳಗೆ ಉಪ್ಪುನೀರು ಸೇರಿ ನಿಂತರೆ ಅಲ್ಲಿ ಆಮ್ಲಜನಕ ತೀರಿಹೋಗುತ್ತದೆ, ಪೊರೆ ಸೋಲುತ್ತದೆ, ಹೊರಗೆ ಫಳಫಳ ಹೊಳೆಯುವ ತಂತಿ ಒಳಗೇ ಕೊರೆದುಹೋಗುತ್ತದೆ. ಪರೀಕ್ಷೆಗೆ ಒಂದು ಹತ್ತಿಬಟ್ಟೆಯ ತುಂಡು ಸಾಕು. ತಂತಿಯ ಉದ್ದಕ್ಕೂ ಸವರುತ್ತ ಹೋದಾಗ ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಒಂದು ಎಳೆ ತುಂಡಾಗಿದೆ, ತಂತಿ ಬದಲಾಯಿಸಿ. ಬರಿಗೈಯಲ್ಲಿ ಸವರಿದವರು ಅಂಗೈ ಸೀಳಿಕೊಳ್ಳುತ್ತಾರೆ.

ಹಗ್ಗ ಬದಲಿಸುವಾಗ ನೈಲಾನ್ ಬೇಡ. ಲಂಗರಿಗೆ ಅದು ಉತ್ತಮ, ಹಿಗ್ಗಿ ಕುಗ್ಗಿ ಜಗ್ಗಾಟವನ್ನು ನುಂಗುತ್ತದೆ. ಅದೇ ಹಿಗ್ಗುವ ಗುಣ ಹ್ಯಾಲ್ಯಾರ್ಡಿನಲ್ಲಿದ್ದರೆ ಏರಿಸಿದ ಹಾಯಿ ಗಾಳಿ ಬೀಸಿದೊಡನೆ ಜೋತುಬೀಳುತ್ತದೆ. ಅಲ್ಲಿಗೆ ಬೇಕಾದದ್ದು ಪಾಲಿಯೆಸ್ಟರ್.

ಕೂವೆ ನಿಲ್ಲಿಸುವ ಮುನ್ನ ಅದರ ಬುಡಕ್ಕೆ ನಾಣ್ಯ ಇಡುವ ಪದ್ಧತಿ ಇಂದಿಗೂ ಇದೆ. ಅದು ಎಷ್ಟು ಹಳೆಯದೆಂಬುದಕ್ಕೆ ಪುರಾವೆ ಸಿಕ್ಕಿದ್ದೂ 1962ರಲ್ಲೇ, ಲಂಡನ್ನಿನಲ್ಲೇ. ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಬಳಿ ಥೇಮ್ಸ್ ನದಿಯ ಕೆಸರಿನಲ್ಲಿ ಕಂಡ ರೋಮನ್ ಹಡಗಿನ ಕೂವೆ ಕೂರುವ ಗುಳಿಯಲ್ಲಿ ಡೊಮಿಷಿಯನ್ ಚಕ್ರವರ್ತಿಯ ಕಂಚಿನ ನಾಣ್ಯವಿತ್ತು. ಅದರ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದ ಅದೃಷ್ಟದೇವತೆ ಫಾರ್ಚೂನಾ. ಇಷ್ಟು ಮುತುವರ್ಜಿಯಿಂದ ಆರಿಸಿಟ್ಟ ನಾಣ್ಯವಿದ್ದೂ ಆ ಹಡಗು ಕಲ್ಲಿನ ಹೊರೆಯ ಸಮೇತ ಮುಳುಗಿತ್ತು! ನಾಣ್ಯ ಇಡುವವರು ಇಡಲಿ. ಆದರೆ ಬಗ್ಗಿ ನಾಣ್ಯ ಇಟ್ಟವರು ಕತ್ತೆತ್ತಿ ಮೇಲೆ ನೋಡದಿರುವುದು ಮಾತ್ರ ಕ್ಷಮಿಸಲಾಗದ ಮೂರ್ಖತನ. ದಡದಲ್ಲಿ ಕೂವೆ ಎತ್ತುವಾಗ, ಎತ್ತಿದ ಕೂವೆಯ ಸಮೇತ ದೋಣಿಯನ್ನು ತಳ್ಳಿಕೊಂಡು ಹೋಗುವಾಗ ಮೇಲಿನ ವಿದ್ಯುತ್ ತಂತಿಗೆ ತಗುಲಿ ಜನ ಸತ್ತಿದ್ದಾರೆ. ಅಲ್ಯೂಮಿನಿಯಂ ಕೂವೆಯಾದರೆ ಮಾತ್ರ ಅಪಾಯ, ಮರದ್ದಾದರೆ ಪರವಾಗಿಲ್ಲ ಎಂಬ ಧೈರ್ಯವೂ ಬೇಡ. ಒದ್ದೆ ಮರದಲ್ಲಿ ವಿದ್ಯುತ್ ಹರಿಯುತ್ತದೆ, ಶ್ರೌಡ್‌ಗಳಂತೂ ಹೇಗಿದ್ದರೂ ಉಕ್ಕಿನವು.