ಮೋಟಾರಿನಲ್ಲಿ ತವರಿಗೆ ಹೋಗಿ ಬಂದ ಬರ್ತಾ

1888ರ ಆಗಸ್ಟ್ ತಿಂಗಳು. ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣದ ತವರುಮನೆಯಲ್ಲಿ ಕೆಲವು ದಿನ ಇದ್ದ ಬರ್ತಾ ಬೆಂಜ್ ತನ್ನ ಮಕ್ಕಳಿಬ್ಬರೊಡನೆ ಊರಿಗೆ ಮರಳಲು ಸಿದ್ಧಳಾದಳು. ಹಿರಿಯ ಮಗ ಯೂಜೆನ್‌ಗೆ 15 ವರ್ಷ, ಕಿರಿಯ ರಿಚರ್ಡ್‌ಗೆ 13. ರೈಲಿನಲ್ಲಿ ಹೋಗಿದ್ದರೆ ಸುಖವಾಗಿ ಮ್ಯಾನ್‌ಹೈಮ್ ತಲುಪಬಹುದಿತ್ತು. ಆದರೆ ಬಾಗಿಲಲ್ಲಿ ನಿಂತಿದ್ದುದು ಕುದುರೆಯಿಲ್ಲದ, ಮೂರು ಚಕ್ರದ ಒಂದು ವಿಚಿತ್ರ ಗಾಡಿ. ಅದರಲ್ಲೇ ಬಂದಿದ್ದರು, ಅದರಲ್ಲೇ ಹಿಂದಿರುಗಬೇಕಿತ್ತು.

ಆ ಗಾಡಿ ಬರ್ತಾಳ ಗಂಡ ಕಾರ್ಲ್ ಬೆಂಜ್ ನಿರ್ಮಿಸಿದ ಮೋಟಾರು. 1886ರ ಜನವರಿ 29ರಂದು ಅದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿಯಾಗಿತ್ತು. ಕೊಳ್ಳುವವರು ಮಾತ್ರ ಇರಲಿಲ್ಲ. ಕಾರ್ಲ್ ಒಳ್ಳೆಯ ಎಂಜಿನಿಯರ್, ವ್ಯಾಪಾರಿಯಲ್ಲ. ಮದುವೆಗೆ ಮುಂಚೆಯೇ ತನಗೆ ತವರಿನಿಂದ ಬರಬೇಕಾದ ಹಣವನ್ನು ಅವನ ಕಾರ್ಖಾನೆಗೆ ತೊಡಗಿಸಿದ್ದ ಬರ್ತಾಳಿಗೆ ಈ ಯಂತ್ರದ ಭವಿಷ್ಯ ಮನೆಯ ಅನ್ನದ ಪ್ರಶ್ನೆಯೂ ಆಗಿತ್ತು. ಆದ್ದರಿಂದಲೇ ಆಕೆ ಗಂಡನಿಗೆ ತಿಳಿಸದೆ ಬೆಳಗಿನ ಜಾವ ಗಾಡಿ ಹೊರಡಿಸಿ, ಸುಮಾರು 100 ಕಿ.ಮೀ. ಕ್ರಮಿಸಿ ತವರು ಸೇರಿದ್ದಳು. ಈ ಗುಟ್ಟಿನ ಪಯಣವನ್ನು ಈಗಿನ ಮಕ್ಕಳು ಅನುಕರಿಸುವ ಅಗತ್ಯವಿಲ್ಲ ಎಂಬುದು ಬೇರೆ ಮಾತು!

ಹೋಗುವಾಗ ಆದ ಫಜೀತಿ ಒಂದೆರಡಲ್ಲ. ಗಾಡಿಗೆ ಪ್ರತ್ಯೇಕ ಇಂಧನದ ತೊಟ್ಟಿ ಇರಲಿಲ್ಲ. ಕಾರ್ಬ್ಯುರೇಟರ್‌ನಲ್ಲಿ ಹಿಡಿಸುತ್ತಿದ್ದುದು ಸುಮಾರು ನಾಲ್ಕೂವರೆ ಲೀಟರು ಮಾತ್ರ. ಪೆಟ್ರೋಲ್ ಬಂಕುಗಳು ಕನಸಿನಲ್ಲೂ ಇಲ್ಲದ ಕಾಲ. ಬಟ್ಟೆಯ ಕಲೆ ತೆಗೆಯಲು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದ ಲಿಗ್ರಾಯಿನ್ ಎಂಬ ಪೆಟ್ರೋಲಿಯಂ ದ್ರವವನ್ನು ವೀಸ್ಲಾಖ್‌ನಲ್ಲಿ ಕೊಂಡು ಸುರಿದದ್ದಾಯಿತು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿ ಹಾರಿಸುವ ತಂತಿ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿ ವಿದ್ಯುತ್ ಸೋರದಂತೆ ಮಾಡಿದಳು.

ಹಿಂದಿರುಗುವಾಗ ಆಕೆ ಹೋದ ದಾರಿ ಹಿಡಿಯಲಿಲ್ಲ. ಕಡಿದಾದ ಏರುಗಳಲ್ಲಿ ಇಳಿದು ಗಾಡಿ ತಳ್ಳಿದ ಅನುಭವ ಸಾಕಾಗಿತ್ತು. ಬೌಷ್ಲಾಟ್, ಬ್ರೆಟನ್, ಬ್ರುಖ್‌ಸಾಲ್ ಮೂಲಕ ಹಾಯುವ ಈ ದಾರಿ ಸುಮಾರು 90 ಕಿ.ಮೀ.; ಏರು ಕಡಿಮೆ. ಆದರೆ ಬೌಷ್ಲಾಟ್ ಹಳ್ಳಿಯಿರುವುದು ಎತ್ತರದ ಬಯಲಿನಲ್ಲಿ. ಹತ್ತಿದವರು ಇಳಿಯಲೇಬೇಕು; ಇಳಿಜಾರಿನಲ್ಲಿ ಬ್ರೇಕಿನ ಪರೀಕ್ಷೆ. ಗಾಡಿಯ ವೇಗದಲ್ಲಿರುವ ಚಲನಶಕ್ತಿಯನ್ನು ಘರ್ಷಣೆಯಿಂದ ಶಾಖವಾಗಿ ಮಾರ್ಪಡಿಸುವುದೇ ಬ್ರೇಕಿನ ಕೆಲಸ. ಆ ಉಜ್ಜಾಟಕ್ಕೆ ಮರದ ದಿಮ್ಮಿಗಳು ಸವೆದುಹೋದವು. ಬೌಷ್ಲಾಟ್‌ನಲ್ಲಿ ಜೋಡು ಹೊಲಿಯುವವನೊಬ್ಬನಿಂದ ಬರ್ತಾ ಅವಕ್ಕೆ ಚರ್ಮ ಹೊಡೆಸಿದಳು. ಚರ್ಮಕ್ಕೆ ಹಿಡಿತ ಹೆಚ್ಚು, ಸವೆದರೆ ಬದಲಿಸಬಹುದು. ಇಂದಿನ ವಾಹನಗಳ ‘ಬ್ರೇಕ್ ಲೈನಿಂಗ್’ ಎಂಬುದರ ಮೂಲ ಇಲ್ಲಿದೆ. ಒಬ್ಬ ಗೃಹಿಣಿ ಮತ್ತು ಒಬ್ಬ ಹಳ್ಳಿಯ ಕುಶಲಕರ್ಮಿ ಸೇರಿ ಮಾಡಿದ ಸುಧಾರಣೆ ಇದು.

ಇನ್ನೊಂದು ಚಿಂತೆ ನೀರಿನದು. ಎಂಜಿನ್ನಿನ ಸುತ್ತ ಇದ್ದ ನೀರು ಕುದಿದು ಆವಿಯಾಗುತ್ತಲೇ ಅದನ್ನು ತಂಪಾಗಿಡಬೇಕಿತ್ತು. 30 ಡಿಗ್ರಿಯ ಒಂದು ಗ್ರಾಂ ನೀರನ್ನು ಕುದಿಯುವ ಮಟ್ಟಕ್ಕೆ ತರಲು 70 ಕ್ಯಾಲೊರಿ ಸಾಕು. ಕುದಿಯುವ ನೀರನ್ನು ಆವಿಯಾಗಿಸಲು ಮತ್ತೆ 540 ಕ್ಯಾಲೊರಿ ಬೇಕು. ಈ ಗುಪ್ತೋಷ್ಣವೇ ಎಂಜಿನ್ನನ್ನು ಕಾಪಾಡುತ್ತಿತ್ತು. ಆದರೆ ಆವಿಯಾದ ನೀರು ಗಾಳಿಪಾಲು. ಹೀಗಾಗಿ ಬಾವಿ, ಹಳ್ಳ, ಹೋಟೆಲು, ಎಲ್ಲಿ ನೀರು ಸಿಕ್ಕರೂ ನಿಲ್ಲಿಸಿ ತುಂಬಿಸುವುದು. ಹುಡುಗರಿಗೆ ಶಾಖಶಾಸ್ತ್ರದ ಪಾಠ ಬಕೆಟ್ಟಿನಲ್ಲೇ ಆಗಿರಬೇಕು.

ಬ್ರುಖ್‌ಸಾಲ್ ದಾಟಿದ ಮೇಲೆ ರೈನ್ ನದಿಯ ಬಯಲು, ಸಮತಟ್ಟಾದ ರಸ್ತೆ. ಮುಂದೆ ಸಿಕ್ಕಿದ್ದು ಹಾಕನ್‌ಹೈಮ್. 1932ರಲ್ಲಿ ಅಲ್ಲಿ ಮೋಟಾರ್ ಪಂದ್ಯಗಳ ಪಥ ಆರಂಭವಾಯಿತು. ಗಂಟೆಗೆ 300 ಕಿ.ಮೀ. ಮೀರಿ ಓಡುವ ಕಾರುಗಳನ್ನು ಅದು ಕಂಡಿದೆ. ಬರ್ತಾಳ ಗಾಡಿಯನ್ನು ಒಳ್ಳೆಯ ಸೈಕಲ್ ಸವಾರ ಹಿಂದೆ ಹಾಕಬಹುದಿತ್ತು.

ತಾಯಿ ಮಕ್ಕಳು ಕ್ಷೇಮವಾಗಿ ಮ್ಯಾನ್‌ಹೈಮ್ ತಲುಪಿದರು. ಬರ್ತಾ ತಂದದ್ದು ಬರಿಯ ಪ್ರವಾಸದ ಕಥೆಯಲ್ಲ, ದೋಷಗಳ ಪಟ್ಟಿ: ಏರು ಹತ್ತಲು ಇನ್ನೊಂದು ಗೇರು ಬೇಕು, ಬ್ರೇಕಿಗೆ ಚರ್ಮ ಬೇಕು. ಕಡಿಮೆ ಗೇರಿನಲ್ಲಿ ವೇಗ ತಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ಗೇರಿನ ಸೈಕಲ್ ತುಳಿದವರಿಗೆ ಇದು ಗೊತ್ತು. ಕಾರ್ಲ್ ಹೆಂಡತಿಯ ಮಾತನ್ನು ಒಪ್ಪಿ ಗೇರು ಸೇರಿಸಿದ. ಅದೇ ಸೆಪ್ಟೆಂಬರಿನಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ದೊರೆಯಿತು.

ಬರ್ತಾ 1944ರ ಮೇ 5ರಂದು, 95 ತುಂಬಿದ ಎರಡೇ ದಿನಕ್ಕೆ ತೀರಿಕೊಂಡಳು. 2008ರಿಂದ ಆಕೆ ಹೋಗಿ ಬಂದ ಹಾದಿಗೆ ಆಕೆಯ ಹೆಸರೇ ಇದೆ. ಎರಡೂ ಕಡೆ ಸೇರಿ 194 ಕಿ.ಮೀ.; ಹಳ್ಳಿ ಹಳ್ಳಿಯಲ್ಲೂ ಫಲಕಗಳು ದಾರಿ ತೋರುತ್ತವೆ.